ಕುಕ್ಕರಲ್ಲಿ ಬೆಂದ ಕೇಕು, ಅಡುಗೆಮನೆಯ ಹೊಸ್ತಿಲು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಸಿಕ್ಕಿಸ್ಕೊಂಡು ಬಸ್ಸಲ್ಲಿ ಕೂತಿರೋರು, ಪಾಳಿ ಮುಗಿಸಿ ರೂಮಿಗೆ ನಡೀತಿರೋರು, ಫೋನನ್ನ ಕಿಟಕಿ ಮೇಲಿಟ್ಟು ಪಾತ್ರೆ ತೊಳೀತಿರೋರು, ಎಲ್ರಿಗೂ ನಮಸ್ಕಾರ.

ನಾನು ಬದನಗುಪ್ಪೆಯವನು. ಮೈಸೂರಿಂದ ಚಾಮರಾಜನಗರಕ್ಕೆ ಹೋಗೋ ರೈಲು ಹತ್ತಿದ್ರೆ, ನಂಜನಗೂಡು, ಕವಲಂದೆ ದಾಟಿದ ಮೇಲೆ ಸಿಗೋ ಸ್ಟೇಷನ್ ನಮ್ಮದು. ಈಗ ಕೈಗಾರಿಕಾ ಪ್ರದೇಶದ ಹೆಸರಲ್ಲೂ ನಮ್ಮೂರು ಇದೆ. ನಮ್ಮ ಜಿಲ್ಲೆ ಮೈಸೂರಿಂದ ಬೇರೆಯಾಗಿದ್ದು 1997ರಲ್ಲಿ. ನನಗೂ ಜಿಲ್ಲೆಗೂ ಹೆಚ್ಚುಕಮ್ಮಿ ಒಂದೇ ವಯಸ್ಸು.

ಡಿಸೆಂಬರ್ 31ರ ಸಂಜೆ ನಮ್ಮ ಕಡೆ ಯಾವ ಊರಿಗೆ ಬೇಕಾದ್ರೂ ಬನ್ನಿ. ಬೇಕರಿ ಮುಂದೆ ಶಾಮಿಯಾನ, ಅದರ ಕೆಳಗೆ ಉದ್ದಕ್ಕೆ ಟೇಬಲ್ಲು, ಟೇಬಲ್ ತುಂಬ ಕೇಕಿನ ಡಬ್ಬಿ. ಹುಡುಗ್ರು ತಲಾ ಐವತ್ತು, ನೂರು ಹಾಕಿ ಒಂದು ಕೇಜಿ ಕೇಕ್ ತಗೊಂಡು, ಬೈಕಲ್ಲಿ ಹಿಂದೆ ಕೂತವನ ತೊಡೆ ಮೇಲೆ ಇಟ್ಕೊಂಡು ಹೋಗ್ತಾರೆ. ರಾತ್ರಿ ಹನ್ನೆರಡಕ್ಕೆ ಅರಳಿಕಟ್ಟೆ ಹತ್ರ ಕತ್ತರಿಸ್ತಾರೆ. ಪೂಜೆ ಇಲ್ಲ, ಮಡಿ ಇಲ್ಲ, ಮೊದಲು ಯಾರಿಗೆ ಕೊಡಬೇಕು ಅನ್ನೋ ಲೆಕ್ಕ ಇಲ್ಲ. ಯಾವನೋ ಒಬ್ಬ ಕೈಯಲ್ಲೇ ಮುರಿದು ಇನ್ನೊಬ್ಬನ ಬಾಯಿಗೆ ತುರುಕ್ತಾನೆ.

ನಮ್ಮ ಹಬ್ಬಗಳಲ್ಲಿ ಇಷ್ಟು ಸಲೀಸಾಗಿ ಒಬ್ಬರ ಕೈದನ್ನ ಇನ್ನೊಬ್ಬರು ತಿನ್ನೋ ಹಬ್ಬ ಇನ್ಯಾವುದು ಅಂತ ನಾನು ಯೋಚನೆ ಮಾಡ್ತಾ ಬಂದೆ. ಇವತ್ತಿನ ಸಂಚಿಕೆ ಅದ್ರ ಬಗ್ಗೆ. ಕೇಕು, ಬ್ರೆಡ್ಡು, ಬಿಸ್ಕತ್ತು ನಮ್ಮ ಮನೆಗಳಿಗೆ ಬಂದ ಕಥೆ. ಅದರ ಜೊತೆಗೇ ಬರೋ ಒಂದು ಹಳೇ ಪ್ರಶ್ನೆ: ಇದು ಯಾರ ಕೈದು?

ಮೊದಲು ಒಂದು ತಪ್ಪು ತಿಳುವಳಿಕೆ ಪಕ್ಕಕ್ಕಿಡೋಣ. ಬೇಕಿಂಗ್ ಅನ್ನೋದು ಬ್ರಿಟಿಷರು ತಂದಿದ್ದು, ನಮಗೆ ಗೊತ್ತಿದ್ದಿದ್ದು ಬೇಯಿಸೋದು, ಕರಿಯೋದು ಅಷ್ಟೇ ಅಂತ ನಾವು ಅಂದ್ಕೊಂಡಿದ್ದೀವಿ. ಹದಿನಾರನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಅಂತ ಒಬ್ಬ ಕವಿ ಇದ್ದ. ಇವತ್ತಿನ ಮೈಸೂರು ಜಿಲ್ಲೆಯ ಕಲ್ಲಹಳ್ಳಿಯ ಪಾಳೆಯಗಾರ, ಜೈನ. ಅವನು ಕನ್ನಡದಲ್ಲಿ ‘ಸೂಪಶಾಸ್ತ್ರ’ ಅಂತ ಒಂದು ಅಡುಗೆ ಪುಸ್ತಕ ಬರೆದ, ಅದೂ ಪದ್ಯದಲ್ಲಿ. ಅದರಲ್ಲಿ ಹಿಟ್ಟಿನ ತಿಂಡಿಗಳಿಗೇ ಒಂದು ಭಾಗ ಇದೆ. ಅಲ್ಲಿ ಬರೋ ರೊಟ್ಟಿಗಳಲ್ಲಿ ಒಂದು ಮುಚ್ಚಳ ರೊಟ್ಟಿ: ಗೋಧಿ ಹಿಟ್ಟಿನದು, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸೋದು.

ಮೇಲೂ ಕೆಳಗೂ ಒಣ ಬಿಸಿ. ಅವನ್ ಅಂದ್ರೆ ಅಷ್ಟೇ ಅಲ್ವಾ?

ಇಲ್ಲಿ ಸ್ವಲ್ಪ ವಿಜ್ಞಾನ. ಇಡ್ಲಿ ಬೇಯೋದು ಹಬೆಯಲ್ಲಿ. ನೀರು ಇರೋ ತನಕ ಬಿಸಿ ಸುಮಾರು 100 ಡಿಗ್ರಿ ದಾಟಲ್ಲ. ಪ್ರೆಶರ್ ಕುಕ್ಕರಲ್ಲಿ ಒತ್ತಡ ಇರೋದ್ರಿಂದ 120ರ ಹತ್ರ ಹೋಗುತ್ತೆ. ಅದಕ್ಕೇ ಇಡ್ಲಿ ಬೆಳ್ಳಗೇ ಇರುತ್ತೆ, ಮೆತ್ತಗೇ ಇರುತ್ತೆ. ಕೇಕಿನ ಮೇಲೆ ಕಂದು ಬಣ್ಣ ಬರಬೇಕು, ಆ ಘಮ ಬರಬೇಕು ಅಂದ್ರೆ 170, 180 ಡಿಗ್ರಿಯ ಒಣ ಬಿಸಿ ಬೇಕು. ನಮ್ಮ ಅವ್ವಂದಿರು ಕುಕ್ಕರ್ ತಳಕ್ಕೆ ಉಪ್ಪೋ ಮರಳೋ ಹಾಕಿ, ಗ್ಯಾಸ್ಕೆಟ್ಟು, ವಿಷಲ್ಲು ತೆಗೆದು, ನೀರೇ ಹಾಕದೆ ಕೇಕ್ ಬೇಯಿಸ್ತಾರಲ್ಲ, ಅವರು ಮಾಡ್ತಿರೋದು ಇದನ್ನೇ. ಮಂಗರಸನ ಕಾಲದ ಉಪಾಯ, ಪಾತ್ರೆ ಮಾತ್ರ ಹೊಸದು.

ಅಂದ್ರೆ ಬಿಸಿ ನಮಗೆ ಹೊಸದಲ್ಲ. ಹಾಗಾದ್ರೆ ಬ್ರೆಡ್ಡು, ಬಿಸ್ಕತ್ತು ಮನೆಯೊಳಗೆ ಬರೋಕೆ ಯಾಕಿಷ್ಟು ವರ್ಷ ಹಿಡೀತು?

ನಮ್ಮ ಅಜ್ಜಿಗೆ ಬ್ರೆಡ್ ಅಂದ್ರೆ ಜ್ವರ. ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಮೈಸೂರಿಗೋ ನಂಜನಗೂಡಿಗೋ ಹೋದವರು ಬರೋವಾಗ ಒಂದು ಪೌಂಡ್ ಬ್ರೆಡ್ ತರೋರು. ಹಾಲಲ್ಲಿ ಅದ್ದಿ ಕೊಡೋರು. ಚೆನ್ನಾಗಿರೋರು ಬ್ರೆಡ್ ಯಾಕೆ ತಿಂತಾರೆ ಅನ್ನೋದು ಅಜ್ಜಿ ವಾದ. ನಾನು ಪಿಯುಸಿ ಓದೋವಾಗ ಬನ್ ತಂದು ಕೊಟ್ರೆ, “ಬುಡು ಮಗ, ಜರ ಬಂದದಾ ನಂಗೆ?” ಅನ್ನೋರು. ಆಮೇಲೆ ಮೆಲ್ಲಗೆ ಎರಡನೇ ಪ್ರಶ್ನೆ ಬರೋದು: “ಅದ್ಯಾರ ಕೈದು?”

ಆ ಎರಡನೇ ಪ್ರಶ್ನೆ ನಮ್ಮ ಅಜ್ಜಿ ಒಬ್ಬರದೇ ಅಂದ್ಕೋಬೇಡಿ. ಇಡೀ ದೇಶ ಅದನ್ನ ಕೇಳ್ತಿತ್ತು.

ಗೋವಾದಲ್ಲಿ ಪೋರ್ಚುಗೀಸರು ಪಾವ್ ಮಾಡೋಕೆ ಶುರು ಮಾಡಿದಾಗ ಹಿಟ್ಟು ಉಬ್ಬಿಸೋಕೆ ಯೀಸ್ಟ್ ಸಿಗದೆ ಸೇಂದಿ ಬಳಸಿದ್ರು. ಬೆಂಗಳೂರಲ್ಲಿ 1809ರಲ್ಲಿ ದಂಡು ಪ್ರದೇಶ ಶುರುವಾಯ್ತು, ಸಿಪಾಯಿಗಳ ಹಿಂದೆ ಬ್ರೆಡ್ಡೂ ಬಂತು. ಸೇಂದಿ ಇರಬಹುದು, ಮೊಟ್ಟೆ ಇರಬಹುದು, ಮಾಡಿದವರು ಯಾರೋ ಏನೋ. ಮಡಿವಂತರು ಮುಟ್ಟಲಿಲ್ಲ. ಬಂಗಾಳದಲ್ಲಿ ರಾಜನಾರಾಯಣ ಬಸು ಅಂತ ಒಬ್ಬ ಸುಧಾರಕರಿದ್ರು. 1846ರಲ್ಲಿ ಬ್ರಹ್ಮ ಸಮಾಜ ಸೇರಿದ ದಿನ ಅವರು ಬಿಸ್ಕತ್ತು ಮತ್ತು ಶೆರ್ರಿ ತಗೊಂಡ್ರು. ಯಾಕೆ ಅಂದ್ರೆ, ನಾವು ಜಾತಿ ಭೇದ ಒಪ್ಪಲ್ಲ ಅಂತ ತೋರಿಸೋಕೆ. ಒಂದು ಬಿಸ್ಕತ್ತು ತಿನ್ನೋದೇ ಆ ಕಾಲಕ್ಕೆ ಒಂದು ಘೋಷಣೆ.

ನಮ್ಮ ಪಕ್ಕದ ಕೇರಳದ ಕಥೆ ಇನ್ನೂ ಮಜವಾಗಿದೆ. ಗುಂಡ್ಲುಪೇಟೆಯಿಂದ ಬಂಡೀಪುರ ಕಾಡು ದಾಟಿದ್ರೆ ವಯನಾಡು. ಓಣಂ ಬಂದ್ರೆ ನಮ್ಮ ಗುಂಡ್ಲುಪೇಟೆ ಚೆಂಡು ಹೂವು ಇದೇ ದಾರೀಲಿ ಗಡಿ ದಾಟುತ್ತೆ. ವಯನಾಡಿನ ಘಟ್ಟ ಇಳಿದು ಕಡಲ ತೀರಕ್ಕೆ ಹೋದ್ರೆ ತಲಶ್ಶೇರಿ. ಅಲ್ಲಿ ಮಾಂಬಳ್ಳಿ ಬಾಪು ಅನ್ನೋರು ಬರ್ಮಾದಲ್ಲಿದ್ದು ಬಂದು 1880ರಲ್ಲಿ ಒಂದು ಬಿಸ್ಕತ್ತು ಕಾರ್ಖಾನೆ ತೆರೆದ್ರು. ಆ ಕುಟುಂಬದವರು ಹೇಳೋ ಕಥೆ ಹೀಗಿದೆ: 1883ರ ಕ್ರಿಸ್‌ಮಸ್‌ಗೆ ಮೊದಲು ಬ್ರೌನ್ ಅನ್ನೋ ತೋಟದ ಮಾಲೀಕ ಇಂಗ್ಲೆಂಡಿನ ಪ್ಲಮ್ ಕೇಕ್ ಒಂದನ್ನ ತಂದು ಕೊಟ್ಟು, ಇಂಥದ್ದು ಮಾಡ್ತೀಯಾ ಅಂತ ಕೇಳಿದ. ಹಾಕೋಕೆ ಫ್ರೆಂಚ್ ಬ್ರಾಂದಿ ಬೇಕು ಅಂದ. ಬಾಪು ಗೋಡಂಬಿ ಹಣ್ಣು, ಬಾಳೆಹಣ್ಣಿನಿಂದ ಇಳಿಸಿದ ಸ್ಥಳೀಯ ಸರಕನ್ನೇ ಹಾಕಿ ಕೇಕ್ ಮಾಡಿದ್ರಂತೆ. ತಿಂದವನು ಮೆಚ್ಚಿ ಇನ್ನೊಂದು ಡಜನ್ ಹೇಳಿದನಂತೆ. ಬಾಳೆಹಣ್ಣು ನೆನಪಿಟ್ಕೊಳ್ಳಿ, ಆಮೇಲೆ ನಮ್ಮ ಮನೆ ಕುಕ್ಕರಿಗೂ ಅದೇ ಬರುತ್ತೆ.

ಈಗ 1898ಕ್ಕೆ ಬನ್ನಿ. ಇದು ನನಗೆ ತುಂಬಾ ಇಷ್ಟವಾದ ವರ್ಷ, ಯಾಕಂದ್ರೆ ಆ ಒಂದೇ ವರ್ಷ ಎರಡು ಊರಲ್ಲಿ ಒಂದೇ ಥರದ ಬುದ್ಧಿ ಓಡಿದೆ. ದೆಹಲಿಯಲ್ಲಿ ಹಿಂದೂ ಬಿಸ್ಕತ್ತು ಕಂಪನಿ ಶುರುವಾಯ್ತು. ಹಿಟ್ಟು ಕಲಸೋದ್ರಿಂದ ಡಬ್ಬಿ ಕಟ್ಟೋವರೆಗೂ ಮೇಲ್ಜಾತಿಯವರೇ ಮುಟ್ಟೋದು ಅನ್ನೋದೇ ಅದರ ಜಾಹೀರಾತು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಾಸನದ ಕಡೆಯ ತಿರುಮಲಾಚಾರ್ ಅವರ ಬೆಂಗಳೂರು ಬ್ರಾಹ್ಮಿನ್ಸ್ ಬೇಕರಿ, ಅಂದ್ರೆ ಬಿ.ಬಿ. ಬೇಕರಿ, ಶುರುವಾಗಿದ್ದೂ 1898ರಲ್ಲೇ. ಮೊದಲು ಸಿಹಿತಿಂಡಿ ಅಂಗಡಿ, ಆಮೇಲೆ ಒಬ್ಬ ಇಂಗ್ಲಿಷ್ ಗಿರಾಕಿಯಿಂದ ಬ್ರೆಡ್ ಮಾಡೋದು ಕಲಿತರು ಅಂತ ಹೇಳ್ತಾರೆ. ಮೊಟ್ಟೆ ಇಲ್ಲದ ಬ್ರೆಡ್ಡು, ಬನ್ನು, ಬೆಣ್ಣೆ ಬಿಸ್ಕತ್ತು. ಹಾಸನ ಸೀಮೆಯ ಅಯ್ಯಂಗಾರ್ ಕುಟುಂಬಗಳು ಒಂದರ ಹಿಂದೆ ಒಂದು ಈ ಕಸುಬಿಗೆ ಬಂದ್ರು. ಇವತ್ತು ಕರ್ನಾಟಕದ ಯಾವ ಪೇಟೆಗೆ ಹೋದ್ರೂ ‘ಅಯ್ಯಂಗಾರ್ ಬೇಕರಿ’ ಬೋರ್ಡ್ ಇದೆ. ಖಾರಾ ಬನ್ನು, ದಿಲ್‌ಪಸಂದು, ಹನಿ ಕೇಕು ತಿನ್ನದೆ ಬೆಳೆದವರು ಯಾರಿದ್ದೀರಿ?

ನಾನು ಬಿ.ಕಾಂ. ಓದಿದವನು, ಬ್ರ್ಯಾಂಡಿಂಗ್ ಅಂದ್ರೆ ಏನು ಅಂತ ಎರಡು ಸೆಮಿಸ್ಟರ್ ಬರೆದಿದ್ದೀನಿ. ಗಿರಾಕಿಯ ಭಯ ಏನು ಅಂತ ಹುಡುಕಿ, ಆ ಭಯಕ್ಕೆ ಉತ್ತರವನ್ನ ಬೋರ್ಡ್ ಮೇಲೇ ಬರೆಯೋದು ಒಳ್ಳೇ ಬ್ರ್ಯಾಂಡಿಂಗ್. ಗಿರಾಕಿಯ ಭಯ ‘ಯಾರ ಕೈದು’ ಅನ್ನೋದಾಗಿತ್ತು. ಬೋರ್ಡಲ್ಲಿ ಜಾತಿ ಹೆಸರು ಬಂತು. ಅಯ್ಯಂಗಾರ್ ಬೇಕರಿಯ ಬನ್ ರುಚಿಗೆ ನಾನು ಯಾವತ್ತೂ ಸಾಲಗಾರ. ಆದ್ರೆ ನಮ್ಮ ಅಜ್ಜಿ ಕೊನೆಗೂ ಬನ್ ತಿಂದಿದ್ದು ರುಚಿ ನೋಡಿ ಅಲ್ಲ, ನಾನು ಬೋರ್ಡ್ ಓದಿ ಹೇಳಿದ ಮೇಲೆ. ಅದನ್ನೂ ಹೇಳಲೇಬೇಕು.

ಸ್ವಾತಂತ್ರ್ಯ ಬಂತು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳಿಗೆ ಹೋಗೋ ಹಕ್ಕನ್ನ ಜಾತಿ ಕಾರಣಕ್ಕೆ ಯಾರಿಗೂ ತಡೆಯೋ ಹಾಗಿಲ್ಲ ಅಂತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡ್ತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾನೂನೂ ಬಂತು. ಆದ್ರೂ ಎಷ್ಟೋ ಹಳ್ಳಿ ಹೋಟೆಲುಗಳಲ್ಲಿ ಎರಡು ಲೋಟದ ಪದ್ಧತಿ ನಡೀತಾನೇ ಇತ್ತು. ಬೇಕರಿ ವಿಷಯದಲ್ಲಿ ನನಗೆ ಅನ್ನಿಸೋದು ಇಷ್ಟು: ಬೇಕರಿಯವನು ಬನ್ನನ್ನ ಪೇಪರ್ ಚೂರಲ್ಲಿ ಕೊಡ್ತಾನೆ. ತೊಳೆದಿಡೋ ತಟ್ಟೆ ಇಲ್ಲ, ಒಳಗೆ ಕೂರಿಸೋ ಬೆಂಚಿಲ್ಲ. ಎಲ್ರೂ ರಸ್ತೇಲಿ ನಿಂತೇ ತಿನ್ನೋದು. ಭೇದ ಮಾಡೋಕೆ ಬೇಕಾದ ಸಾಮಾನೇ ಅಲ್ಲಿ ಕಮ್ಮಿ. ನಾನೂ ನನ್ನ ಗೆಳೆಯನೂ ಹೈಸ್ಕೂಲಲ್ಲಿ ಒಂದು ಎಗ್‌ಲೆಸ್ ಪಫ್ಸ್ ತಗೊಂಡು ಅರ್ಧರ್ಧ ಮಾಡ್ಕೊಂಡು ತಿಂದಿದ್ದು ಹಾಗೇ ನಿಂತ್ಕೊಂಡು.

1965ರಲ್ಲಿ ಇನ್ನೊಂದು ಹೆಸರು ಬಂತು. ಕೇಂದ್ರ ಸರ್ಕಾರವೇ ಬ್ರೆಡ್ ಮಾಡೋಕೆ ಇಳೀತು, ಕಂಪನಿ ಹೆಸರು ಮಾಡರ್ನ್ ಬೇಕರೀಸ್. ಕಾಮರ್ಸ್ ಹುಡುಗ್ರಿಗೆ ಈ ಹೆಸರು ಗೊತ್ತಿರುತ್ತೆ. 2000ದಲ್ಲಿ ಇದರ ಶೇ. 74 ಪಾಲನ್ನ ಹಿಂದೂಸ್ತಾನ್ ಲಿವರ್‌ಗೆ ಸುಮಾರು 105 ಕೋಟಿ ರೂಪಾಯಿಗೆ ಮಾರಿದ್ದು ನಮ್ಮ ಡಿಸ್‌ಇನ್ವೆಸ್ಟ್‌ಮೆಂಟ್ ಪಾಠದ ಮೊದಲ ಉದಾಹರಣೆ. ನಾನು ಹೇಳೋಕೆ ಹೊರಟಿದ್ದು ಬೇರೆ. 1898ರಲ್ಲಿ ಬ್ರಾಹ್ಮಿನ್ಸ್, ಹಿಂದೂ ಅಂತ ಹೆಸರಿಟ್ಟ ಕಡೆ, 1965ರಲ್ಲಿ ಮಾಡರ್ನ್ ಅಂತ ಇಟ್ರು. ಮಿಷನ್ನಲ್ಲಿ ಕಟ್ ಆಗಿ, ಮೇಣದ ಕಾಗದದಲ್ಲಿ ಸುತ್ತಿ ಬಂದ ಬ್ರೆಡ್ಡಿಗೆ ಯಾರ ಕೈ ಅಂತ ಕೇಳೋದು ಹೇಗೆ?

ಈಗಿನ ಹೋಮ್ ಬೇಕರ್‌ಗಳನ್ನೇ ನೋಡಿ. ಚಾಮರಾಜನಗರ, ಗುಂಡ್ಲುಪೇಟೆಯಲ್ಲೂ ವಾಟ್ಸಾಪ್ ಸ್ಟೇಟಸ್ ಹಾಕಿ ಬರ್ತ್‌ಡೇ ಕೇಕ್ ಮಾರೋ ಅಕ್ಕಂದಿರಿದ್ದಾರೆ. 2006ರ ಆಹಾರ ಸುರಕ್ಷತಾ ಕಾಯ್ದೆ ಪ್ರಕಾರ ಮನೇಲಿ ಮಾಡಿ ಮಾರೋರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. 14 ಅಂಕಿಯ ಒಂದು ನಂಬರ್ ಸಿಗುತ್ತೆ. ಅದನ್ನ ಡಬ್ಬಿ ಮೇಲೆ ಹಾಕ್ತಾರೆ. ಕಲಿಬೇಕು ಅನ್ನೋರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರ ಇದೆ, ಮೈಸೂರಲ್ಲಿ ಸಿಎಫ್‌ಟಿಆರ್‌ಐ ಇದೆ. ಅವತ್ತು ಗ್ಯಾರಂಟಿ ಅಂದ್ರೆ ಜಾತಿ ಹೆಸರು, ಇವತ್ತು 14 ಅಂಕಿ. ಇದನ್ನ ನಾನು ಖಂಡಿತ ಪ್ರಗತಿ ಅಂತೀನಿ.

ಆದ್ರೆ ಇದೆಲ್ಲ ಅಂಗಡಿ ಕಥೆ. ಅಂಗಡಿ ಬಾಗಿಲನ್ನ ಕಾನೂನು ತೆರೆಸಬಹುದು. ಅಡುಗೆಮನೆ ಬಾಗಿಲು?

ಇಲ್ಲಿಂದ ಮುಂದೆ ಹೇಳೋದು ನಮ್ಮ ಮನೆ ಲೆಕ್ಕ. ಊರಿನ ತಲೆ ಮೇಲೆ ಹಾಕಲ್ಲ.

ನಮ್ಮ ಕಡೆ ದೀಪಾವಳಿ ಅಂದ್ರೆ ಕಜ್ಜಾಯ. ಅಕ್ಕಿ ನೆನೆಸಿ, ನೆರಳಲ್ಲಿ ಆರಹಾಕಿ, ಇನ್ನೂ ತೇವ ಇರೋವಾಗಲೇ ಕುಟ್ಟಿ ಹಿಟ್ಟು ಮಾಡಬೇಕು. ಬೆಲ್ಲದ ಪಾಕ ತೆಗೀಬೇಕು. ಒಂದು ತೊಟ್ಟನ್ನ ನೀರಿಗೆ ಬಿಟ್ರೆ ಉಂಡೆ ಆಗಬೇಕು, ಗಟ್ಟಿ ಆಗಬಾರದು. ಒಂದು ನಿಮಿಷ ಹೆಚ್ಚಾದ್ರೆ ಕಜ್ಜಾಯ ಕಲ್ಲು, ಕಮ್ಮಿ ಆದ್ರೆ ಎಣ್ಣೇಲಿ ಒಡೆದು ಹೋಗುತ್ತೆ. ಎಳ್ಳು, ಗಸಗಸೆ, ಏಲಕ್ಕಿ ಹಾಕಿ ಕಲಸಿ ಒಂದೆರಡು ದಿನ ಇಟ್ಟು, ಬಾಳೆ ಎಲೆ ಮೇಲೆ ತಟ್ಟಿ ಎಣ್ಣೆಗೆ ಬಿಡಬೇಕು, ಎತ್ತಿ ಎರಡು ಸೌಟಿನ ಮಧ್ಯೆ ಒತ್ತಿ ಎಣ್ಣೆ ಇಳಿಸಬೇಕು. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ಅತ್ತೆಯಂದಿರು, ಪಕ್ಕದ ಮನೆ ಅಕ್ಕಂದಿರು ಬಂದು ಕೂರೋರು. ತಟ್ಟೋರು ಒಬ್ರು, ಬಿಡೋರು ಒಬ್ರು, ಒತ್ತೋರು ಒಬ್ರು. ಅರ್ಧ ಮಾತು, ಅರ್ಧ ಕಜ್ಜಾಯ.

ನನ್ನ ಗೆಳೆಯನ ಅವ್ವ ನಮ್ಮ ಹೊಲದಲ್ಲಿ ಅರಿಶಿನ ಕೀಳೋಕೆ ಬರ್ತಿದ್ರು. ಊರಲ್ಲಿ ಅವರಷ್ಟು ಚೆನ್ನಾಗಿ ಪಾಕ ತೆಗೆಯೋರು ಯಾರೂ ಇಲ್ಲ ಅಂತ ಅವನು ಹೇಳ್ತಿದ್ದ. ನಮ್ಮ ಮನೆ ಪಾಕಕ್ಕೆ ಅವರನ್ನ ಯಾರೂ ಕರೀಲಿಲ್ಲ. ಹಬ್ಬದ ಮಾರನೇ ದಿನ ಅವರು ಜಗಲಿ ಕೆಳಗೆ ನಿಲ್ಲೋರು, ಅಜ್ಜಿ ಹತ್ತು ಕಜ್ಜಾಯ ತಂದು ಅವರ ಸೆರಗಿಗೆ ಹಾಕೋರು. ಪ್ರೀತಿಯಿಂದಲೇ ಹಾಕೋರು. ಆದ್ರೆ ಮೇಲಿಂದ ಹಾಕೋರು. ಅದನ್ನ ನಾನು ಇಪ್ಪತ್ತು ವರ್ಷ ನೋಡಿ, ಅದರಲ್ಲಿ ಏನೋ ಇದೆ ಅಂತ ಒಂದು ದಿನವೂ ಅಂದ್ಕೊಂಡಿರಲಿಲ್ಲ.

2020ರ ಡಿಸೆಂಬರ್. ಕೊರೊನಾ ಅಂತ ಹೊಸ ವರ್ಷದ ಗುಂಪು ಆಚರಣೆಗೆ ಸರ್ಕಾರ ನಿರ್ಬಂಧ ಹಾಕಿತ್ತು. ನಾನು ಮೈಸೂರಿನ ಕೆಲಸ ಬಿಟ್ಟು ಮನೇಲಿದ್ದೆ, ಅವನೂ ಬೆಂಗಳೂರಿಂದ ಬಂದಿದ್ದ. ಆ ವರ್ಷ ಲಾಕ್‌ಡೌನಲ್ಲಿ ಅರ್ಧ ದೇಶ ಯೂಟ್ಯೂಬ್ ನೋಡಿ ಕೇಕ್ ಕಲಿತಿತ್ತು. ನಾವೂ ಕುಕ್ಕರಲ್ಲಿ ಮಾಡೋಣ ಅಂದ್ವಿ. ನಮ್ಮದು ಮೊಟ್ಟೆ ಒಳಗೆ ಬರದ ಮನೆ. ಅವನು ಎರಡು ಕಳಿತ ಬಾಳೆಹಣ್ಣು ತಂದ, ಅಂಟು ಹಿಡಿಯೋಕೆ ಮೊಟ್ಟೆ ಬದಲು ಅದು. ಬೆಲ್ಲದ ಪುಡಿ, ಮೊಸರು, ಎಣ್ಣೆ, ಒಂದೂವರೆ ಲೋಟ ಮೈದಾ, ಬೇಕಿಂಗ್ ಪೌಡರ್, ಚಿಟಿಕೆ ಸೋಡಾ. ಮೊಸರಿನ ಹುಳಿಗೆ ಸೋಡಾ ಸೇರಿದ್ರೆ ಗುಳ್ಳೆ ಏಳುತ್ತೆ, ಕೇಕ್ ಉಬ್ಬೋದು ಅದರಿಂದ.

ಮಾತಾಡ್ತಾ ಮಾತಾಡ್ತಾ ಅವನು ನನ್ನ ಹಿಂದೆ ಅಡುಗೆಮನೆಗೆ ಬಂದುಬಿಟ್ಟ. ಹದಿನೈದು ವರ್ಷದ ಸ್ನೇಹದಲ್ಲಿ ಅವನು ಆ ಹೊಸ್ತಿಲು ದಾಟಿದ್ದು ಅವತ್ತೇ ಮೊದಲು. ಇಬ್ಬರಿಗೂ ಅದು ಗೊತ್ತಾಯ್ತು, ಇಬ್ಬರೂ ಏನೂ ಹೇಳಲಿಲ್ಲ. ಅವ್ವ ಅವನ ಕಡೆ ಒಂದು ಸಲ ನೋಡಿ, ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಅವನಿಗೇ ತೋರಿಸಿದ್ಲು. ತಳಕ್ಕೆ ಒಂದಿಂಚು ಉಪ್ಪು ಹರಡಿ, ಹತ್ತು ನಿಮಿಷ ಕಾಯಿಸಿ, ಸಣ್ಣ ಉರೀಲಿ ಮುಕ್ಕಾಲು ಗಂಟೆ. ಪೊರಕೆ ಕಡ್ಡಿ ತೊಳೆದು ಚುಚ್ಚಿ ನೋಡಿದ್ವಿ, ಹಿಟ್ಟು ಅಂಟಲಿಲ್ಲ. ಕೇಕಿನ ತಳ ಸ್ವಲ್ಪ ಸೀದಿತ್ತು. ಘಮ ಮಾತ್ರ ಬೀದಿಗೆ ಹೋಗಿತ್ತು.

ಅಜ್ಜಿ ಹೊರಗೆ ಕೂತಿದ್ರು. ನಾನು ಒಂದು ತುಂಡು ಕೊಟ್ಟೆ. ಪ್ರಶ್ನೆ ಬಂತು: “ಅದ್ಯಾರ ಕೈದು ಮಗ?” ನಾನು ಅವನ ಹೆಸರು ಹೇಳಿದೆ. ಅಜ್ಜಿ ತುಂಬಾ ಹೊತ್ತು ಕೈಯಲ್ಲೇ ಹಿಡ್ಕೊಂಡಿದ್ರು. ಆಮೇಲೆ ತಿಂದ್ರು. “ತಳ ಸೀದದ ಕನ,” ಅಂದ್ರು.

ಇಲ್ಲಿಗೆ ಮುಗಿಸಿದ್ರೆ ಇದು ಸುಂದರ ಕಥೆ. ಆದ್ರೆ ಮುಂದಿನ ದೀಪಾವಳಿಗೆ ಅವನ ಅವ್ವ ಮತ್ತೆ ಜಗಲಿ ಕೆಳಗೇ ನಿಂತಿದ್ರು. ಸಂಜೆ ಅವನು ನಗ್ತಾನೇ ಹೇಳಿದ, “ನಿಮ್ಮನೇಲಿ ಕೇಕಿಗೆ ಮಡಿ ಇಲ್ಲ ಮಗ, ಕಜ್ಜಾಯಕ್ಕೆ ಅದೆ.” ನಾನು ಉತ್ತರ ಕೊಡಲಿಲ್ಲ. ಅವನು ಹೇಳಿದ್ದು ಸರಿ. ಹೊರಗಿಂದ ಬಂದ ತಿಂಡಿಗೆ ನಾವು ಬೇಗ ಸಡಿಲ ಆಗ್ತೀವಿ, ಯಾಕಂದ್ರೆ ಅದಕ್ಕೆ ನಿಯಮ ಕಟ್ಟಿದ ಹಿರಿಯರಿಲ್ಲ. ನಮ್ಮದೇ ಅನ್ನೋ ತಿಂಡಿ ಬಂದ ತಕ್ಷಣ ನಿಯಮಾನೂ ವಾಪಸ್ ಬರುತ್ತೆ. ಕೇಕ್ ಕತ್ತರಿಸಿ ನಾವೆಲ್ಲ ಒಂದೇ ಅಂದ್ಕೊಳ್ಳೋದು ಸುಲಭ. ಪರೀಕ್ಷೆ ಇರೋದು ಕಜ್ಜಾಯದಲ್ಲಿ.

ಹೋದ ದೀಪಾವಳಿಗೆ ನಾನು ಅವರ ಮನೆಗೆ ಹೋದೆ. ಕಜ್ಜಾಯ ಒತ್ತೋಕೆ ಬರ್ತೀನಿ ಅಂತ ಮೊದಲೇ ಹೇಳಿದ್ದೆ. ಅವನ ಅವ್ವ ನಮ್ಮ ಅಪ್ಪನಿಗೆ ‘ಬುದ್ಧಿ’ ಅಂತಾರೆ, ನನಗೂ ಅದೇ ಅನ್ನೋಕೆ ಬಂದ್ರು. ಮಗ ಅನ್ನಿ ಅಂದೆ. ಪಾಕ ತೆಗೆಯೋದನ್ನ ಹತ್ರ ಕೂತು ನೋಡಿದೆ. ನೀರಿನ ಬಟ್ಟಲು ಪಕ್ಕದಲ್ಲೇ ಇದ್ರೂ ಅವರು ಪರೀಕ್ಷೆ ಮಾಡಲಿಲ್ಲ, ಗುಳ್ಳೆ ನೋಡಿಯೇ ಇಳಿಸಿದ್ರು. ಮೊದಲ ಕಜ್ಜಾಯ ಆದಾಗ ತಟ್ಟೆಗೆ ಹಾಕಿ, ಕೊಡದೆ ನಿಂತ್ರು. “ತಿಂದರಾ ನೀವು, ನಮ್ಮನೇದ?” ಅಂದ್ರು.

ಇಪ್ಪತ್ತೆಂಟು ವರ್ಷದಲ್ಲಿ ನಾನು ಅವರ ಮನೇಲಿ ನೀರೂ ಕುಡಿದಿರಲಿಲ್ಲ. ನಾವು ಅವರಿಗೆ ಕೊಡೋದನ್ನೇ ಔದಾರ್ಯ ಅಂದ್ಕೊಂಡಿದ್ವಿ, ಅವರದನ್ನ ತಿನ್ನೋದರ ಬಗ್ಗೆ ಯೋಚನೆಯೇ ಮಾಡಿರಲಿಲ್ಲ. ನಾನು ನಾಲ್ಕು ತಿಂದೆ. ಅಂಥ ಕಜ್ಜಾಯ ನಮ್ಮ ಮನೇಲಿ ಯಾವತ್ತೂ ಆಗಿಲ್ಲ, ಇದನ್ನ ನಮ್ಮ ಅವ್ವನೂ ಕೇಳಿಸ್ಕೋತಾಳೆ ಅಂತ ಗೊತ್ತಿದ್ದೇ ಹೇಳ್ತಿದ್ದೀನಿ.

ಮನೆಗೆ ಬಂದು ಅಜ್ಜಿಗೆ ಹೇಳಿದೆ, ಅವರ ಮನೇಲಿ ತಿಂದೆ ಅಂತ. ಬೈಗುಳಕ್ಕೆ ತಯಾರಾಗೇ ನಿಂತಿದ್ದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಕ ಹೆಂಗಿತ್ತು?” ಅಂದ್ರು. “ನಮ್ಮದಕ್ಕಿಂತ ಚೆಂದಾಗಿತ್ತು,” ಅಂದೆ. ಅಜ್ಜಿ ಮಾತಾಡದೆ ಎಲೆ ಅಡಿಕೆ ತಗೊಂಡ್ರು. ಇದನ್ನ ದೊಡ್ಡ ಬದಲಾವಣೆ ಅಂತ ನಿಮಗೆ ಮಾರಲ್ಲ. ಈ ವರ್ಷ ನಮ್ಮ ಮನೆ ಪಾಕಕ್ಕೆ ಅವರನ್ನ ಕರೀಬೇಕು ಅಂತ ನಾನೂ ಅವ್ವನೂ ಮಾತಾಡಿದ್ದೀವಿ. ಬರ್ತಾರೋ ಇಲ್ವೋ ಅವರಿಷ್ಟ. ಕೂಲಿ ಕೆಲಸ ಅಂತಲ್ಲ, ಒಲೆ ಮುಂದೆ ಕೂರೋಕೆ ಕರೀಬೇಕು.

ನಿಮಗೊಂದು ಕೆಲಸ ಹೇಳ್ತೀನಿ. ಈ 31ಕ್ಕೆ ಕೇಕ್ ತರೋ ಬದಲು ಕುಕ್ಕರಲ್ಲಿ ಮಾಡಿ. ಗ್ಯಾಸ್ಕೆಟ್ಟು, ವಿಷಲ್ಲು ತೆಗೆಯೋದು ಮರೀಬೇಡಿ, ಉರಿ ಸಣ್ಣದಿರಲಿ. ನಿಮ್ಮ ಅಡುಗೆಮನೆಗೆ ಇದುವರೆಗೂ ಬರದ ಗೆಳೆಯನನ್ನೋ ಗೆಳತಿಯನ್ನೋ ಹಿಟ್ಟು ಕಲಸೋಕೆ ಕರೀರಿ. ಆಮೇಲೆ ಅವರ ಮನೆ ಹಬ್ಬಕ್ಕೆ ನೀವೂ ಹೋಗಿ, ಕೊಟ್ಟಿದ್ದನ್ನ ತಿನ್ನಿ. ಹೇಗಾಯ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ತಳ ಸೀದ್ರೂ ಪರವಾಗಿಲ್ಲ, ನಮ್ಮದೂ ಸೀದಿತ್ತು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನಿ.